ಅಂಟದ ಪಟ್ಟಿ
ಹೊರಚರ್ಮವನ್ನು ಒಳಚರ್ಮಕ್ಕೆ ಬೆಸೆದು ಹಿಡಿಯುವ ಪ್ರೋಟೀನುಗಳಲ್ಲೊಂದು ವಂಶವಾಹಿಯ ದೋಷದಿಂದ ಕೆಟ್ಟಾಗ, ಬಟ್ಟೆಯ ಹೊಲಿಗೆ ಉಜ್ಜಿದರೂ ಮೈಯಲ್ಲಿ ಗುಳ್ಳೆಗಳೇಳುತ್ತವೆ. ಈ ವಿರಳ ಕಾಯಿಲೆಯನ್ನು ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ 1870ರಲ್ಲಿ ವರ್ಣಿಸಿದರು. ‘ಎಪಿಡರ್ಮೋಲೈಸಿಸ್ ಬುಲ್ಲೋಸಾ’ ಎಂಬ ಹೆಸರನ್ನು 1886ರಲ್ಲಿ ಜರ್ಮನ್ ವೈದ್ಯ ಹೈನ್ರಿಕ್ ಕೋಬ್ನರ್ ಕೊಟ್ಟರು. ಹುಟ್ಟಿನಿಂದಲೇ ಕಾಣಿಸಿಕೊಂಡು ಶೈಶವದಲ್ಲೇ ಪ್ರಾಣ ತೆಗೆಯುವ ಬಗೆಯೊಂದನ್ನು 1935ರಲ್ಲಿ ಹರ್ಲಿಟ್ಸ್ ಗುರುತಿಸಿದರು. ಆದರೆ ಹೆಸರಿಟ್ಟ ಮಾತ್ರಕ್ಕೆ ಕೂಸಿನ ನೋವು ತಗ್ಗಲಿಲ್ಲ.

ಗಾಯವನ್ನು ಒಣಗಿಸಿ ಹಕ್ಕಳೆಗಟ್ಟಿಸುವುದೇ ವಾಸಿಯ ದಾರಿಯೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. ಒಣ ಗಾಜ್ ಬಟ್ಟೆಯಾದರೋ ಗಾಯದ ರಸದೊಡನೆ ಒಣಗಿ ಕಚ್ಚಿಕೊಂಡು, ಬಿಚ್ಚುವಾಗಲೆಲ್ಲ ಹೊಸದಾಗಿ ಮೂಡಿದ ಚರ್ಮವನ್ನೂ ಎಳೆದು ತೆಗೆಯುತ್ತಿತ್ತು. ಪಾಲಿಥೀನ್ ಹಾಳೆ ಹೊದಿಸಿ ತೇವ ಉಳಿಸಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡುವುದನ್ನು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳಲ್ಲಿ ತೋರಿಸಿಕೊಟ್ಟರು. ಇದು ಈ ಕಾಯಿಲೆಗೆಂದೇ ನಡೆದ ಪ್ರಯೋಗವಲ್ಲದಿದ್ದರೂ, ಇಂಥ ಮಕ್ಕಳ ಪಾಲಿಗೆ ಅದರಷ್ಟು ಉಪಕಾರಿಯಾದ ಶೋಧಗಳು ವಿರಳವೆನ್ನಬೇಕು. ಮುಂದೆ 1990ರ ಸುಮಾರಿಗೆ ಬಂದ ಮೆದು ಸಿಲಿಕೋನ್ ಪಟ್ಟಿ, ಗಾಯಕ್ಕೆ ಅಂಟದೆ ಕೂತು ನೋಯಿಸದೆ ಬಿಡುವ ಗುಣದಿಂದ, ಪಟ್ಟಿ ಬದಲಿಸುವ ಹೊತ್ತಿನ ಯಾತನೆಯನ್ನು ಬಹುಮಟ್ಟಿಗೆ ಇಳಿಸಿತು.

ಇಂಗ್ಲೆಂಡಿನಲ್ಲಿ 1978ರಲ್ಲಿ ರೋಗಪೀಡಿತ ಮಗುವೊಂದರ ತಾಯಿ ಆರಂಭಿಸಿದ ‘ಡೆಬ್ರಾ’ ಸಂಘ ಹೆತ್ತವರ ಅನುಭವಕ್ಕೂ ಬೆಲೆ ತಂದಿತು. ಈ ಕಾಯಿಲೆಯ ಕೂಸಿಗಾಗಿ ಹೆರಿಗೆ ಕೋಣೆಯ ರೂಢಿಗಳನ್ನೇ ತಿದ್ದಬೇಕಾಗುತ್ತದೆ: ಹೊಕ್ಕುಳಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ದಾರ ಕಟ್ಟುತ್ತಾರೆ, ಮಣಿಕಟ್ಟಿಗೆ ಹೆಸರುಪಟ್ಟಿ ತೊಡಿಸುವುದಿಲ್ಲ, ಅಂಟುವ ಟೇಪನ್ನು ದೂರವಿಡುತ್ತಾರೆ, ಕಂಕುಳಿಗೆ ಕೈಹಾಕಿ ಎತ್ತದೆ, ಮೆತ್ತನೆಯ ಹಾಸಿನ ಸಮೇತ ಮಗುವನ್ನು ಎತ್ತಿಕೊಳ್ಳುತ್ತಾರೆ. ಗುಳ್ಳೆ ತಾನಾಗಿ ನಿಲ್ಲದೆ ಹಿಗ್ಗುತ್ತಲೇ ಹೋಗುವುದರಿಂದ, ಕ್ರಿಮಿಶುದ್ಧ ಸೂಜಿಯಿಂದ ಅದರ ತಗ್ಗಿನ ಭಾಗವನ್ನು ಚುಚ್ಚಿ ನೀರಿಳಿಸಿ, ಮೇಲ್ಪೊರೆಯನ್ನು ಕೀಳದೆ ಗಾಯದ ಹೊದಿಕೆಯಾಗಿ ಉಳಿಸುತ್ತಾರೆ. ಎರಡೂ ಕಾಲು ಒಮ್ಮೆಗೇ ಬಿಚ್ಚಿದರೆ ಮಗು ಒದೆದಾಡುತ್ತ ಒಂದಕ್ಕೊಂದು ಉಜ್ಜಿ ಹೊಸ ಗಾಯ ಮಾಡಿಕೊಳ್ಳುವುದರಿಂದ, ಒಂದು ಕಾಲಿನ ಪಟ್ಟಿ ಕಟ್ಟಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟುತ್ತಾರೆ. ಬೆರಳುಗಳು ಕೂಡಿಕೊಳ್ಳುವ ಭಯವಿರುವ ಬಗೆಯಲ್ಲಿ ಪ್ರತಿ ಬೆರಳಿಗೂ ಬೇರೆ ಬೇರೆ ಸುತ್ತು.

ಈ ಕಾಯಿಲೆಯ ಒಂದು ಬಗೆಯಲ್ಲಿ ಕೆಟ್ಟಿರುವ ಏಳನೆಯ ಕೊಲಾಜೆನ್ ವಂಶವಾಹಿಯ ಸರಿಯಾದ ಪ್ರತಿಯನ್ನು, ಪಳಗಿಸಿದ ಹರ್ಪಿಸ್ ವೈರಸ್ಸಿನ ಮೂಲಕ ಗಾಯದ ಜೀವಕೋಶಗಳಿಗೆ ತಲುಪಿಸುವ ಜೆಲ್ಲಿಗೆ 2023ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಮೊದಲಿಗೆ ಅದು ಆರು ತಿಂಗಳು ತುಂಬಿದವರಿಗಷ್ಟೇ ಸಿಕ್ಕಿತು. ವಾರಕ್ಕೊಮ್ಮೆ ಹನಿಹನಿಯಾಗಿ ಗಾಯದ ಮೇಲಿಟ್ಟ ಆ ಜೆಲ್ಲಿನ ಮೇಲೂ ಅಂಟದ ಪಟ್ಟಿಯನ್ನೇ ಹೊದಿಸಿ ಕಟ್ಟುತ್ತಾರೆ.