ಗಾಯ ಕಾಣದ ಗಾಯಾಳುಗಳು

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕೌರವ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಆ ರಾಜಕುಮಾರನ ಪ್ರಸಂಗವನ್ನು ಗಮಕಿಗಳು ವಾಚಿಸುವಾಗ ಸಭೆಗೆ ಸಭೆಯೇ ನಗುತ್ತದೆ. ಓಡಿದವನನ್ನು ಅರ್ಜುನ ಬೆನ್ನಟ್ಟಿ ಹಿಡಿದು, ಧೈರ್ಯ ಹೇಳಿ, ಸಾರಥ್ಯಕ್ಕೆ ಕೂರಿಸಿದನೆಂಬ ಸಂಗತಿ ಆ ನಗೆಯಲ್ಲಿ ಮರೆಯಾಗಿಬಿಡುತ್ತದೆ. ಉತ್ತರನದು ಯುದ್ಧಕ್ಕೆ ಮುಂಚಿನ ಭಯ. ರಣದಲ್ಲಿ ನಿಂತು ಕಾದಿ, ಮೈಮೇಲೆ ಒಂದು ಗೀರೂ ಇಲ್ಲದೆ ಮರಳಿದವನನ್ನು ನಡುರಾತ್ರಿಯಲ್ಲಿ ಬೆವರಿ ಎಬ್ಬಿಸುವ ಭಯ ಬೇರೆ. ಅದು ಹೇಡಿತನವಲ್ಲ, ಕಾಯಿಲೆ ಎಂದು ಒಪ್ಪಿಕೊಳ್ಳಲು ಲೋಕಕ್ಕೆ ಬಹುಕಾಲ ಹಿಡಿಯಿತು. ಆ ಇತಿಹಾಸದ ಒಂದೆರಡು ಪುಟಗಳನ್ನು ಇಲ್ಲಿ ತೆರೆಯಬೇಕೆಂದಿದ್ದೇನೆ.

ಮೊದಲನೆಯ ಮಹಾಯುದ್ಧ ಆರಂಭವಾಗಿ ಆರು ತಿಂಗಳು ಕಳೆದಿತ್ತು. 1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ವೃತ್ತಾಂತವನ್ನು ಬರೆದ. ಹತ್ತಿರದಲ್ಲೇ ಫಿರಂಗಿಯ ಗುಂಡು ಸಿಡಿದಿತ್ತು. ಅವರ ದೃಷ್ಟಿ ಮಂದವಾಗಿತ್ತು, ವಾಸನೆ ರುಚಿಗಳು ಕೆಟ್ಟಿದ್ದವು, ನೆನಪು ಅಲ್ಲಲ್ಲಿ ಅಳಿಸಿಹೋಗಿತ್ತು. ಇದಕ್ಕೆ ಆತ ಬಳಸಿದ ಹೆಸರು ‘ಶೆಲ್ ಶಾಕ್’. ಸಿಡಿತದ ಅದುರಿಗೆ ಮಿದುಳು ಘಾಸಿಗೊಂಡಿರಬೇಕೆಂಬ ಊಹೆ ಆಗ ಬಲವಾಗಿತ್ತು. ಆದರೆ ಸಿಡಿತದ ಹತ್ತಿರವೇ ಇರದಿದ್ದವರಲ್ಲಿಯೂ ಇದೇ ಲಕ್ಷಣಗಳು ತೋರತೊಡಗಿದಾಗ ಸೇನೆಗೆ ಇಕ್ಕಟ್ಟಾಯಿತು. ಶತ್ರುವಿನ ಸಿಡಿತದಿಂದ ಬಂದದ್ದಾದರೆ ಗಾಯ, ಅಲ್ಲದಿದ್ದರೆ ಬರಿಯ ಕಾಯಿಲೆ ಎಂದು ಎರಡು ವರ್ಗ ಮಾಡಿದರು; ಮೊದಲನೆಯದಕ್ಕೆ ಗೌರವ, ಎರಡನೆಯದಕ್ಕೆ ಅನುಮಾನ. 1917ರಲ್ಲಿ ಆ ಹೆಸರನ್ನೇ ಬಳಸಕೂಡದೆಂದು ಆಜ್ಞೆಯಾಯಿತು. ಹೆಸರು ಅಳಿಸಿದರೆ ರೋಗ ಅಳಿಯುವುದೆಂದು ನಂಬುವ ಸರಕಾರಗಳು ಎಲ್ಲ ಕಾಲದಲ್ಲಿಯೂ ಇರುತ್ತವೆ.

ಹ್ಯಾರಿ ಫಾರ್ ಎಂಬ ಸಾಮಾನ್ಯ ಸಿಪಾಯಿ 1915ರಲ್ಲಿ ಇದೇ ವ್ಯಾಧಿಯಿಂದ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ, ಹೆಂಡತಿಗೆ ಅವನ ಪರವಾಗಿ ದಾದಿ ಕಾಗದ ಬರೆಯಬೇಕಾಯಿತು. ಮತ್ತೆ ರಣರಂಗಕ್ಕೆ ಕಳುಹಿಸಿದರು. 1916ರ ಸೆಪ್ಟೆಂಬರಿನಲ್ಲಿ, ಸೋಮ್ ಕದನದ ನಡುವೆ, ತನ್ನಿಂದಾಗದೆಂದು ಅವನು ನಿಂತುಬಿಟ್ಟ. ಸೈನಿಕ ನ್ಯಾಯಾಲಯದಲ್ಲಿ ಅವನ ಪರ ವಾದಿಸಲು ಯಾರೂ ಇರಲಿಲ್ಲ. ಹೇಡಿಯೆಂಬ ಆರೋಪದ ಮೇಲೆ ಅಕ್ಟೋಬರ್ 16ರಂದು ಅವನನ್ನು ಗುಂಡಿಕ್ಕಿ ಕೊಂದರು. ಅವನಿಗೆ ಇಪ್ಪತ್ತೈದು ವರ್ಷ.

ಇಂಥ ದಿನಗಳಲ್ಲಿ ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಎಂಬ ಸೈನಿಕ ಆಸ್ಪತ್ರೆಗೆ ಡಬ್ಲ್ಯು. ಎಚ್. ಆರ್. ರಿವರ್ಸ್ ಬಂದ. ಈತ ನಮಗೆ ತೀರ ಅಪರಿಚಿತನಲ್ಲ. 1901-02ರಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿ ತೋಡರ ನಡುವೆ ಕುಳಿತು, ದುಭಾಷಿಗಳ ಮೂಲಕ ಅವರ ವಂಶಾವಳಿ, ಆಚಾರಗಳನ್ನು ಬರೆದುಕೊಂಡು 1906ರಲ್ಲಿ ಗ್ರಂಥ ಪ್ರಕಟಿಸಿದ ಮಾನವಶಾಸ್ತ್ರಜ್ಞನೇ ಈತ. ಇನ್ನೊಬ್ಬರು ಹೇಳುವುದನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ ಅಲ್ಲಿಯೇ ಬೆಳೆಯಿತೋ ಏನೋ! ಕವಿಗಳಾದ ಸಿಗ್‌ಫ್ರೀಡ್ ಸಸೂನ್, ವಿಲ್ಫ್ರೆಡ್ ಓವೆನ್ 1917ರಲ್ಲಿ ಪರಸ್ಪರ ಭೇಟಿಯಾದದ್ದು ಇದೇ ಆಸ್ಪತ್ರೆಯಲ್ಲಿ. ಸಸೂನ್ ರಿವರ್ಸನ ಆರೈಕೆಯಲ್ಲಿದ್ದ. ಒಂದು ಮಾತನ್ನು ಮರೆಯಬಾರದು: ಅದು ಅಧಿಕಾರಿಗಳ ಆಸ್ಪತ್ರೆ. ಸಾಮಾನ್ಯ ಸಿಪಾಯಿಗಳಿಗೆ ಕೆಲವೆಡೆ ದೊರೆತ ಚಿಕಿತ್ಸೆ ವಿದ್ಯುತ್ತಿನ ಆಘಾತ.

ಆಗ ಎಲ್ಲರೂ ಹೇಳುತ್ತಿದ್ದ ಬುದ್ಧಿಮಾತು ‘ಮರೆತುಬಿಡು’. ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವುದು ಇದನ್ನೇ. ಹಗಲೆಲ್ಲ ಬಲವಂತವಾಗಿ ಒತ್ತಿಹಿಡಿದ ನೆನಪು ರಾತ್ರಿ ಇಮ್ಮಡಿ ಬಲದಿಂದ ಎದ್ದು ಬರುತ್ತದೆಂದು 1918ರ ಲೇಖನವೊಂದರಲ್ಲಿ ರಿವರ್ಸ್ ತೋರಿಸಿಕೊಟ್ಟ. ಒಬ್ಬ ಅಧಿಕಾರಿ ಗೆಳೆಯನನ್ನು ಹುಡುಕಿಹೋಗಿ ಛಿದ್ರವಾಗಿ ಬಿದ್ದಿದ್ದ ದೇಹವನ್ನು ಕಂಡಿದ್ದ. ಕನಸಿಗೆ ಹೆದರಿ ಮಲಗುವುದಕ್ಕೇ ಅಂಜುತ್ತಿದ್ದ. ರಿವರ್ಸ್ ಅವನಿಗೆ ಹೇಳಿದ್ದು ಇಷ್ಟು: ದೇಹ ಹಾಗಾಗಿದ್ದರೆ ಗೆಳೆಯ ಕ್ಷಣದಲ್ಲಿ ಪ್ರಾಣಬಿಟ್ಟಿರಬೇಕು, ನರಳಿರಲಾರ. ಈ ಒಂದು ಎಳೆ ಹಿಡಿದು ಅವನು ಆ ದೃಶ್ಯವನ್ನು ಧೈರ್ಯವಾಗಿ ನೆನೆಯಬಲ್ಲವನಾದ. ಮುಂದೆ ಬಂದ ಕನಸಿನಲ್ಲಿ ಗೆಳೆಯನ ಪಕ್ಕದಲ್ಲಿ ಮೊಣಕಾಲೂರಿ, ಮನೆಯವರಿಗೆ ಕಳುಹಿಸಲು ಅವನ ವಸ್ತುಗಳನ್ನು ತೆಗೆದಿಟ್ಟುಕೊಂಡನಂತೆ. ಎದ್ದಾಗ ದುಃಖವಿತ್ತು, ಭೀತಿ ಇರಲಿಲ್ಲ. ಇನ್ನೊಬ್ಬ, ಸಿಡಿತದ ರಭಸಕ್ಕೆ ಕೊಳೆತ ಶವವೊಂದರ ಮೇಲೆ ಮುಖವಡಿಯಾಗಿ ಬಿದ್ದವನು. ಅವನ ನೆನಪಿನಲ್ಲಿ ಸಮಾಧಾನದ ಎಳೆಯೊಂದೂ ರಿವರ್ಸನಿಗೆ ದೊರೆಯಲಿಲ್ಲ. ಅದನ್ನೂ ಮುಚ್ಚಿಡದೆ ಬರೆದನೆಂಬುದಕ್ಕಾಗಿ ನನಗೆ ಆತನಲ್ಲಿ ಗೌರವ ಹೆಚ್ಚು.

ವಿಯೆಟ್ನಾಂ ಯುದ್ಧದ ತರುವಾಯ, 1980ರಲ್ಲಿ, ಅಮೆರಿಕದ ಮನೋವೈದ್ಯರು ಇದಕ್ಕೆ ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’, ಎಂದರೆ ಆಘಾತದ ನಂತರದ ಒತ್ತಡದ ಕಾಯಿಲೆ, ಎಂದು ಹೆಸರಿಟ್ಟರು. ಅದು ಸೈನಿಕರಿಗಷ್ಟೇ ಮೀಸಲಲ್ಲ. ಬಸ್ ಅಪಘಾತದಲ್ಲಿ ಬದುಕುಳಿದವರಿಗೆ, ಪ್ರವಾಹದಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ, ಮನೆಯೊಳಗೇ ಹೊಡೆತ ತಿಂದ ಹೆಣ್ಣುಮಗಳಿಗೆ ಬರಬಹುದು. ನಡೆದದ್ದು ಮತ್ತೆ ಕಣ್ಣೆದುರು ನಡೆಯುತ್ತಿರುವಂತೆ ತೋರುವುದು, ದುಃಸ್ವಪ್ನ, ಆ ದಾರಿ ಆ ಮಾತು ಬಾರದಂತೆ ತಪ್ಪಿಸಿಕೊಳ್ಳುವುದು, ಪಾತ್ರೆ ಬಿದ್ದರೂ ಬೆಚ್ಚುವುದು, ಸಿಡುಕು, ತನ್ನವರೂ ಪರಕೀಯರೆನಿಸುವುದು, ತಪ್ಪು ತನ್ನದೇ ಎಂದು ಕೊರಗುವುದು. ‘ಹೆದರಿಕೊಂಡಿದ್ದಾನೆ’ ಎಂದು ನಮ್ಮ ಹಿರಿಯರು ತಾಯಿತ ಕಟ್ಟಿಸುತ್ತಿದ್ದರು. ಏನೋ ಆಗಿದೆ ಎಂದು ಗುರುತಿಸುವಷ್ಟು ಕಣ್ಣು ಅವರಿಗಿತ್ತು. ಆಘಾತವಾದ ಮೊದಲ ವಾರಗಳಲ್ಲಿ ಇಂಥವು ಸಹಜ, ಎಷ್ಟೋ ಮಂದಿಗೆ ತಾವಾಗಿ ಇಳಿಯುತ್ತವೆ. ಆಗ ಬಗೆದು ಬಗೆದು ಕೇಳಬಾರದು, ಜೊತೆಗಿದ್ದರೆ ಸಾಕು. ತಿಂಗಳು ದಾಟಿದರೂ ಇಳಿಯದಿದ್ದರೆ, ಕೆಲಸ ಸಂಸಾರ ಕೆಡುತ್ತಿದ್ದರೆ, ನಿದ್ರೆಗಾಗಿ ಕುಡಿತ ಹಿಡಿದಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ತಡೆಯಬಾರದು. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ, 14416 ಸಂಖ್ಯೆಗೆ, ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನೆನಪನ್ನು ಕ್ರಮವಾಗಿ, ಸುರಕ್ಷಿತವಾಗಿ ಎದುರಿಸಲು ಕಲಿಸುವ ಚಿಕಿತ್ಸೆಗಳು ಇಂದು ಇವೆ. ರಿವರ್ಸ್ ತಡಕಾಡುತ್ತ ನಡೆದ ಹಾದಿ ಅದು.

ಹ್ಯಾರಿ ಫಾರ್‌ನ ಹೆಂಡತಿಗೆ ಮೊದಲು ವಿಧವಾವೇತನವನ್ನು ನಿರಾಕರಿಸಿದರು. ಅವಳು ಗಂಡ ಸತ್ತ ಬಗೆಯನ್ನು ಬಹುಕಾಲ ಬಾಯಿಬಿಡಲಿಲ್ಲ. ಮಗಳಿಗೆ ತಿಳಿದದ್ದು ನಡುವಯಸ್ಸಿನಲ್ಲಿ. 2006ರಲ್ಲಿ ಬ್ರಿಟಿಷ್ ಸರಕಾರ ಹಾಗೆ ಗುಂಡಿಗೆ ಗುರಿಯಾದ 306 ಮಂದಿಗೆ ಕ್ಷಮೆ ನೀಡಿದಾಗ ಆ ಮಗಳು ಬದುಕಿದ್ದಳು. ವಯಸ್ಸು ತೊಂಬತ್ತು ದಾಟಿತ್ತು.