ದ್ಯೂತದ ಋಣ ಮತ್ತು ಗೃಹಸ್ಥನ ಮನೆ

ಸಪ್ತವ್ಯಸನಗಳನ್ನು ಎಣಿಸುವಾಗ ಶ್ರಾವಕಾಚಾರ ಗ್ರಂಥಗಳು ದ್ಯೂತದಿಂದಲೇ ಆರಂಭಿಸುತ್ತವೆ. ಮದ್ಯ, ಮಾಂಸ, ವೇಶ್ಯಾಗಮನ, ಬೇಟೆ, ಚೌರ್ಯ, ಪರದಾರಗಮನ ಇವೆಲ್ಲವೂ ಅದರ ಹಿಂದೆ ಬರುತ್ತವೆ. ಅಹಿಂಸೆಯೇ ಪರಮಧರ್ಮವೆನ್ನುವ ಮತದಲ್ಲಿ ಮಾಂಸಕ್ಕೂ ಬೇಟೆಗೂ ಮೊದಲು ಜೂಜಿನ ಹೆಸರು ಬರುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆಚಾರ್ಯ ವಸುನಂದಿಯವರು ತಮ್ಮ ಪ್ರಾಕೃತ ಶ್ರಾವಕಾಚಾರದಲ್ಲಿ ಒಂದೊಂದು ವ್ಯಸನಕ್ಕೂ ಒಂದೊಂದು ನಿದರ್ಶನವನ್ನು ಕೊಟ್ಟಿದ್ದಾರೆ. ಮದ್ಯಕ್ಕೆ ಯಾದವರು, ಪರದಾರಕ್ಕೆ ರಾವಣ, ದ್ಯೂತಕ್ಕೆ ಯುಧಿಷ್ಠಿರ. ಯುಧಿಷ್ಠಿರನು ದುಷ್ಟನಲ್ಲ, ಧರ್ಮರಾಜನೆಂದೇ ಹೆಸರಾದವನು. ಅಂಥವನೂ ಪಗಡೆಯ ಹಾಸಿನ ಮುಂದೆ ಕುಳಿತಾಗ ರಾಜ್ಯವನ್ನು ಸೋತು, ತಮ್ಮಂದಿರನ್ನು ಸೋತು, ಕೊನೆಗೆ ಪತ್ನಿಯನ್ನೂ ಪಣಕ್ಕೆ ಒಡ್ಡಿದನು. ಪಂಪನಿಂದ ಕುಮಾರವ್ಯಾಸನವರೆಗೆ ಕನ್ನಡಿಗರೆಲ್ಲರೂ ಬಲ್ಲ ಕಥೆಯಿದು. ಒಡ್ಡಲ್ಪಟ್ಟವರ ಒಪ್ಪಿಗೆಯನ್ನು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಇತರ ವ್ಯಸನಗಳಲ್ಲಿ ಮನೆಯವರು ಫಲವನ್ನು ಉಣ್ಣುತ್ತಾರೆ. ದ್ಯೂತದಲ್ಲಿ ಮನೆಯವರೇ ಪಣವಾಗುತ್ತಾರೆ.

13ನೆಯ ಶತಮಾನದಲ್ಲಿ ಮಾಳವದಲ್ಲಿದ್ದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಈ ವಿಷಯವನ್ನು ಮತ್ತಷ್ಟು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ದ್ಯೂತವನ್ನು ತ್ಯಜಿಸಿದ ಗೃಹಸ್ಥನು ಕೇವಲ ಮನೋವಿನೋದಕ್ಕಾಗಿ ಪಂಥ ಕಟ್ಟುವುದೂ ದೋಷವೇ ಎಂಬುದು ಅವರ ಅಭಿಪ್ರಾಯ. ಗೆದ್ದವನಿಗೆ ಹರ್ಷ, ಸೋತವನಿಗೆ ಅಮರ್ಷ. ಈ ಎರಡೂ ಕಷಾಯವನ್ನು ಎಬ್ಬಿಸುತ್ತವೆ ಎಂಬುದೇ ಅವರು ಕೊಡುವ ಕಾರಣ. ಆಟವು ಅದೃಷ್ಟದ್ದೋ ಕೌಶಲದ್ದೋ ಎಂಬ ಪ್ರಶ್ನೆಯನ್ನು ಅವರು ಎತ್ತುವುದೇ ಇಲ್ಲ. ಸ್ವತಂತ್ರ ಭಾರತದ ನ್ಯಾಯಾಲಯಗಳು ಮಾತ್ರ ಆ ಒಂದು ಪ್ರಶ್ನೆಯ ಸುತ್ತಲೇ ದಶಕಗಟ್ಟಲೆ ವಾದವನ್ನು ಕೇಳಬೇಕಾಯಿತು.

ಅರಸೊತ್ತಿಗೆಯ ಕಾಲದಲ್ಲಿ ದ್ಯೂತದ ವಿಷಯವಾಗಿ ಎರಡು ನೀತಿಗಳಿದ್ದವು. ಮನುವು ಅದನ್ನು ರಾಜ್ಯದಿಂದಲೇ ಹೊರಹಾಕಬೇಕೆಂದನು. ಕೌಟಿಲ್ಯನು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಆಟವನ್ನು ಒಂದೇ ಸ್ಥಳದಲ್ಲಿ ನಡೆಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ರಾಜ್ಯಕ್ಕೆ ಪಡೆಯಬೇಕೆಂದನು. ಮುಂದಿನ ಸರ್ಕಾರಗಳೆಲ್ಲ ಈ ಎರಡು ಮಾರ್ಗಗಳ ನಡುವೆಯೇ ತೂಗಾಡಿವೆ. ಆದರೆ ನೀತಿ ಯಾವುದೇ ಇರಲಿ, ಧರ್ಮಶಾಸ್ತ್ರವು ಗೃಹಸ್ಥನ ಮನೆಗೆ ಒಂದು ಬೇಲಿಯನ್ನು ಹಾಕಿತ್ತು. ತಂದೆಯ ಸಾಲವನ್ನು ಮಗ ತೀರಿಸಬೇಕು, ಅದು ಧರ್ಮ. ಆದರೆ ಕುಡಿತಕ್ಕೂ ಕಾಮಕ್ಕೂ ದ್ಯೂತಕ್ಕೂ ಮಾಡಿದ ಸಾಲವನ್ನು ತೀರಿಸಬೇಕಾಗಿಲ್ಲವೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಚಾಳುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ಈ ಸ್ಮೃತಿಯ ವ್ಯಾಖ್ಯಾನವೇ. ಬ್ರಿಟಿಷರ ನ್ಯಾಯಾಲಯಗಳು ಮಿತಾಕ್ಷರವನ್ನು ಪ್ರಮಾಣವಾಗಿ ಸ್ವೀಕರಿಸಿದಾಗ ಈ ನಿಯಮವೂ ಜೊತೆಗೆ ಬಂದಿತು. ‘ಅವ್ಯಾವಹಾರಿಕ ಋಣ’ಕ್ಕೆ ಮಕ್ಕಳ ಪಾಲಿನ ಆಸ್ತಿ ಹೊಣೆಯಲ್ಲವೆಂಬ ತತ್ತ್ವ ನಿಂತಿತು. 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಕಲಮು ಇನ್ನೊಂದು ಬೇಲಿಯಾಯಿತು. ಪಂಥದ ಕರಾರು ಅಸಿಂಧು. ಗೆದ್ದವನು ಆ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಅದೇ ಕಲಮಿನಲ್ಲಿ 500 ರೂಪಾಯಿಗೆ ಮೇಲ್ಪಟ್ಟ ಕುದುರೆ ಪಂದ್ಯದ ಬಹುಮಾನಕ್ಕೆ ವಿನಾಯಿತಿಯೂ ಇತ್ತು. ಶ್ರೀಮಂತರ ಜೂಜಿಗೆ ಕಾನೂನು ಎಂದಿಗೂ ಸ್ವಲ್ಪ ಮೃದುವಾಗಿಯೇ ಇರುತ್ತದೆ.

ಈ ಎರಡು ಬೇಲಿಗಳಲ್ಲಿ ಒಂದು ಕೊರತೆಯಿತ್ತು. ಅವು ಕಾಯುತ್ತಿದ್ದುದು ಸಾಲದ ಜೂಜಿನಿಂದ. ಹಣವನ್ನು ಮುಂಗಡವಾಗಿಯೇ ಕಟ್ಟಿ ಆಡುವ ಜೂಜಿನಲ್ಲಿ ಋಣವೇ ಹುಟ್ಟುವುದಿಲ್ಲ. ಅಸಿಂಧುವಾಗಲು ಕರಾರೇ ಉಳಿದಿರುವುದಿಲ್ಲ. 20ನೆಯ ಶತಮಾನದಲ್ಲಿ ಸರ್ಕಾರವೂ ಪತ್ರಿಕೆಯೂ ಸೇರಿ ಬೆಳೆಸಿದ್ದು ಇಂಥ ಜೂಜನ್ನೇ.

ಇದರ ಮೊದಲ ಅಧ್ಯಾಯ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ಇಂದು ಬಹುಮಂದಿಗೆ ಮರೆತುಹೋಗಿದೆ. 1950ರ ದಶಕದ ಆರಂಭದಲ್ಲಿ ಇಲ್ಲಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಮುದ್ರಣವಾಗಿ ಪ್ರಕಟವಾಗುತ್ತಿತ್ತು. ಅದರ ಮೂಲಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ಪದಬಂಧದ ಬಹುಮಾನ ಸ್ಪರ್ಧೆಯನ್ನು ನಡೆಸುತ್ತಿದ್ದರು. ಪ್ರವೇಶಧನ ಕಟ್ಟಿ ಚೌಕಗಳನ್ನು ತುಂಬಿ ಕಳುಹಿಸಬೇಕು. ಸಂಘಟಕರ ಬಳಿ ಮೊದಲೇ ಮುದ್ರೆಯೊತ್ತಿ ಇಟ್ಟ ಉತ್ತರಕ್ಕೆ ಹೊಂದಿದರೆ ಬಹುಮಾನ. ಎರಡು ಶಬ್ದಗಳೂ ಸರಿಹೊಂದುವ ಕಡೆ ಯಾವುದನ್ನು ಆರಿಸಬೇಕೆಂಬುದು ಪಾಂಡಿತ್ಯದ ವಿಷಯವಲ್ಲ, ಊಹೆಯ ವಿಷಯ. ಪತ್ರಿಕೆ ಇಲ್ಲಿ ಅಚ್ಚಾದರೂ ಮುಂಬಯಿ ರಾಜ್ಯದಲ್ಲಿ ಅದಕ್ಕೆ ವಿಪುಲ ಪ್ರಸಾರವಿತ್ತು; ಹಣ ಸಂಗ್ರಹಿಸುವ ಕೇಂದ್ರಗಳೂ ಅಲ್ಲಿದ್ದವು. ಮುಂಬಯಿಯ 1948ರ ಕಾಯಿದೆ ಹೊರಪ್ರಾಂತದಲ್ಲಿ ಅಚ್ಚಾಗುವ ಪತ್ರಿಕೆಗಳಿಗೆ ವಿನಾಯಿತಿ ಕೊಟ್ಟಿದ್ದೇ ಇದಕ್ಕೆ ಅನುಕೂಲವಾಗಿತ್ತು. ಇತ್ತ ಮೈಸೂರು ಸರ್ಕಾರ ತನ್ನ 1951ರ ಕಾಯಿದೆಯಂತೆ ಪರವಾನಗಿ ಕೊಟ್ಟು ತೆರಿಗೆ ಪಡೆಯುತ್ತಿತ್ತು. ನಷ್ಟ ಮುಂಬಯಿಯ ಮನೆಗಳದ್ದು, ಆದಾಯ ಮೈಸೂರಿನ ಬೊಕ್ಕಸದ್ದು.

1952ರಲ್ಲಿ ಮುಂಬಯಿ ಆ ವಿನಾಯಿತಿಯನ್ನು ತೆಗೆದುಹಾಕಿತು. ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಸುಧಿರಂಜನ ದಾಸರು ಕೊಟ್ಟ ತೀರ್ಪು ಪ್ರಸಿದ್ಧವಾದುದು. ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ವ್ಯಾಪಾರಕ್ಕೆ ಸಂವಿಧಾನ ಕೊಟ್ಟ ರಕ್ಷಣೆ ಅದಕ್ಕಿಲ್ಲ ಎಂದು ಅವರು ನಿರ್ಣಯಿಸಿದರು. ಆ ಸಂದರ್ಭದಲ್ಲಿ ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ಸ್ಮೃತಿಗಳನ್ನೂ ನೆನೆದರು. ಆ ಸೂಕ್ತದಲ್ಲಿ ಕಾಣುವುದು ತೊರೆದುಹೋದ ಪತ್ನಿ, ಮಗನ ದಾರಿ ಕಾಯುವ ತಾಯಿ. ಅಷ್ಟರಲ್ಲಿ ಸಂಸತ್ತು 1955ರ ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ಮಾಡಿ, ತಿಂಗಳಿಗೆ 1000 ರೂಪಾಯಿಗೆ ಮೀರಿದ ಬಹುಮಾನದ ಸ್ಪರ್ಧೆಗಳನ್ನು ನಿಷೇಧಿಸಿತ್ತು. ಪದಬಂಧದ ಹುಚ್ಚು ಇಳಿಯಿತು.

ವ್ಯಾಪಾರವಲ್ಲವೆಂದು ನ್ಯಾಯಾಲಯವು ಹೇಳಿದ ವೃತ್ತಿಯನ್ನು ಹತ್ತೇ ವರ್ಷಗಳಲ್ಲಿ ರಾಜ್ಯಗಳು ತಾವೇ ಕೈಗೆತ್ತಿಕೊಂಡವು. 1967ರಲ್ಲಿ ಕೇರಳ ಲಾಟರಿ ಇಲಾಖೆಯನ್ನು ಸ್ಥಾಪಿಸಿತು. 1968ರ ಜನವರಿ 26ರಂದು ಮೊದಲ ಡ್ರಾ ನಡೆಯಿತು. ಒಂದು ರೂಪಾಯಿಯ ಟಿಕೆಟ್ಟಿಗೆ 50,000 ರೂಪಾಯಿ ಬಹುಮಾನ. ತಮಿಳುನಾಡೂ ಮೈಸೂರು ರಾಜ್ಯವೂ ಅದೇ ದಶಕ ಮುಗಿಯುವುದರೊಳಗೆ ಅದೇ ಹಾದಿ ಹಿಡಿದವು. ಖಾಸಗಿಯವನು ನಡೆಸಿದರೆ ಅಪರಾಧ, ಸರ್ಕಾರ ನಡೆಸಿದರೆ ಅಭಿವೃದ್ಧಿಗೆ ಸಂಪನ್ಮೂಲ. ಸಂವಿಧಾನದಲ್ಲಿಯೇ ಇದಕ್ಕೆ ಎಡೆಯಿತ್ತು: ಪಣ ಮತ್ತು ಜೂಜು ರಾಜ್ಯಪಟ್ಟಿಯ 34ನೆಯ ಬಾಬು, ಸರ್ಕಾರಗಳು ನಡೆಸುವ ಲಾಟರಿ ಕೇಂದ್ರಪಟ್ಟಿಯ 40ನೆಯ ಬಾಬು.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಬದಿಯ ಹೊಸಹಳ್ಳಿಯಂಥ ಬಡಾವಣೆಯನ್ನು ತೆಗೆದುಕೊಂಡರೆ ಈ ನೀತಿಯ ಪರಿಣಾಮ ತಿಳಿಯುತ್ತದೆ. ಹಿಂದೆ ಹಳ್ಳಿಯಾಗಿದ್ದು, ವಿಜಯನಗರ ಬೆಳೆದಂತೆ ನಗರದೊಳಗೆ ಸೇರಿಹೋದ ಪ್ರದೇಶವದು. ಬಿನ್ನಿ, ಮಿನರ್ವ ಮಿಲ್ಲುಗಳೂ ರಾಜಾಜಿನಗರದ ಕೈಗಾರಿಕಾ ವಸಾಹತೂ ದೂರವಲ್ಲ. ಸುತ್ತಲಿನ ಮನೆಗಳು ಬಹುಪಾಲು ಸಂಬಳದ ದಿನಕ್ಕಾಗಿ ಕಾಯುವ ಮನೆಗಳು. ಇಂಥ ಬಡಾವಣೆಗಳ ಬಸ್ ನಿಲ್ದಾಣಗಳ ಬಳಿ ಲಾಟರಿ ಅಂಗಡಿಗಳು ಎದ್ದವು. ಟಿಕೆಟ್ಟುಗಳನ್ನು ತೋರಣದಂತೆ ಕಟ್ಟಿ ತೂಗುಬಿಡುತ್ತಿದ್ದರು. ಪತ್ರಿಕೆಗಳು ಜಾಹೀರಾತನ್ನೂ ಪಡೆದವು, ಫಲಿತಾಂಶದ ಪಟ್ಟಿಯನ್ನೂ ಅಚ್ಚುಮಾಡಿದವು. ಪಟ್ಟಿ ನೋಡಲೆಂದೇ ಪತ್ರಿಕೆ ಕೊಳ್ಳುವವರಿದ್ದರು. ಹೊರರಾಜ್ಯಗಳ ಲಾಟರಿಗಳೂ ನುಗ್ಗಿ, ಒಂದಂಕಿ ಲಾಟರಿ ಬಂದ ಮೇಲಂತೂ ದಿನಕ್ಕೆ ಹಲವು ಡ್ರಾಗಳಾದವು. ವಾರಕ್ಕೊಮ್ಮೆ ಆಸೆಪಡುತ್ತಿದ್ದವನು ಗಂಟೆಗೊಮ್ಮೆ ಆಸೆಪಡತೊಡಗಿದನು. ಸಂಬಳದ ಹಣ ಮನೆ ಸೇರುವ ಮೊದಲೇ ಕರಗುತ್ತಿತ್ತು. ಸಾಲಗಾರನು ಬಾಗಿಲಿಗೆ ಬಂದಾಗ ಅದು ಕೈಸಾಲವೋ ಚೀಟಿಯ ಬಾಕಿಯೋ ಆಗಿರುತ್ತಿತ್ತು. ಕಾಗದದ ಮೇಲೆ ಅದು ದ್ಯೂತದ ಋಣವಲ್ಲ. ವಿಜ್ಞಾನೇಶ್ವರನ ಬೇಲಿ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಲೆಕ್ಕ ಬಲ್ಲವರಿಗೆ ಇದರ ಸ್ವರೂಪ ಅರ್ಥವಾಗುವುದು ಕಷ್ಟವಲ್ಲ. ಬಹುಮಾನ, ಏಜೆಂಟರ ಕಮಿಷನ್, ಮುದ್ರಣ, ಜಾಹೀರಾತು ಎಲ್ಲವನ್ನೂ ಕಳೆದು ಉಳಿದದ್ದು ಸರ್ಕಾರದ ಆದಾಯ. ಬಹುಮಾನದ ಒಟ್ಟು ಮೊತ್ತ ಮಾರಾಟಕ್ಕಿಂತ ಕಡಿಮೆ ಇರಲೇಬೇಕಾದ್ದರಿಂದ ಕೊಂಡವರೆಲ್ಲರ ಒಟ್ಟು ಲೆಕ್ಕದಲ್ಲಿ ಪ್ರತಿಸಲವೂ ನಷ್ಟವೇ. ಆದಾಯವು ಆಯವ್ಯಯ ಪತ್ರಿಕೆಯಲ್ಲಿ ಒಂದು ಸಾಲಾಗಿ ಕಾಣುತ್ತಿತ್ತು. ಅದಕ್ಕೆ ಸರಿಸಮನಾದ ಖರ್ಚಿನ ನಮೂದು ಯಾವ ಕೀರ್ದಿಯಲ್ಲಿಯೂ ಇರಲಿಲ್ಲ.

1998ರಲ್ಲಿ ಸಂಸತ್ತು ಲಾಟರಿ ನಿಯಂತ್ರಣ ಕಾಯಿದೆಯನ್ನು ಮಾಡಿ ಒಂದಂಕಿ ಲಾಟರಿಯನ್ನು ನಿಷೇಧಿಸಿತು. ಯಾವ ಲಾಟರಿಯೂ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ನಡೆಸಬಾರದೆಂದಿತು. ಪರರಾಜ್ಯದ ಲಾಟರಿಯನ್ನು ತಡೆಯುವ ಅಧಿಕಾರವನ್ನೂ ರಾಜ್ಯಗಳಿಗೆ ಕೊಟ್ಟಿತು. ಈ ಅಧಿಕಾರವನ್ನು 1999ರಲ್ಲಿ ಪರಿಶೀಲಿಸಿದ ಸರ್ವೋಚ್ಚ ನ್ಯಾಯಾಲಯವು, ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ ಎಂದಿತು; ತನ್ನ ಲಾಟರಿಯನ್ನು ನಿಲ್ಲಿಸಿದ ರಾಜ್ಯ ಮಾತ್ರ ಪರರ ಲಾಟರಿಯನ್ನು ನಿಲ್ಲಿಸಬಹುದೆಂದು ಕಟ್ಟುಹಾಕಿತು. ಅಷ್ಟರಲ್ಲಿ ಜೂಜು ಕಾಗದವನ್ನು ಬಿಟ್ಟು ಯಂತ್ರಕ್ಕೆ ಏರಿತ್ತು. 2000ರ ದಶಕದ ಆರಂಭದಲ್ಲಿ ಸಿಕ್ಕಿಂ ಸರ್ಕಾರದ ಹೆಸರಿನಲ್ಲಿ ಬಂದ ‘ಪ್ಲೇವಿನ್’ ಆನ್‌ಲೈನ್ ಲಾಟರಿಯನ್ನು ನಡೆಸಿದ್ದು ಜೀ ದೂರದರ್ಶನ ವಾಹಿನಿಯ ಸಮೂಹವೇ. ಡ್ರಾ ಕೂಡ ಆ ವಾಹಿನಿಯಲ್ಲಿ ನೇರಪ್ರಸಾರವಾಗುತ್ತಿತ್ತು. ಮಾಧ್ಯಮವು ಜೂಜಿನ ಜಾಹೀರಾತನ್ನು ಪಡೆಯುವುದು ಒಂದು. ಮಾಧ್ಯಮವೇ ಜೂಜಿನ ಕಟ್ಟೆಯಾಗುವುದು ಇನ್ನೊಂದು.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ತನ್ನದನ್ನೂ ಸೇರಿಸಿ ಎಲ್ಲ ಲಾಟರಿಗಳನ್ನೂ ರಾಜ್ಯದಲ್ಲಿ ನಿಷೇಧಿಸಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿಯೂ ಹೋಯಿತು. ಬೊಕ್ಕಸದ ಆದಾಯವನ್ನು ಬಿಟ್ಟುಕೊಟ್ಟು ಮನೆಗಳನ್ನು ಕಾಯ್ದ ಈ ಎರಡು ನಿರ್ಧಾರಗಳನ್ನು ರಾಜಕೀಯ ಭೇದವಿಲ್ಲದೆ ಮೆಚ್ಚಬೇಕು. ಅಂಗಡಿಯಿಟ್ಟು ಬದುಕುತ್ತಿದ್ದವರು, ಅವರಲ್ಲಿ ಅಂಗವಿಕಲರೂ ಇದ್ದರು, ಜೀವನೋಪಾಯವನ್ನು ಕಳೆದುಕೊಂಡರೆಂಬುದೂ ಸತ್ಯವೇ. ಕೇರಳವು ಇಂದಿಗೂ ಲಾಟರಿಯನ್ನು ಉಳಿಸಿಕೊಂಡಿದೆ. ‘ಕಾರುಣ್ಯ’ ಲಾಟರಿಯ ಹಣದಿಂದ ಬಡವರ ಚಿಕಿತ್ಸೆಗೆ ನೆರವಾಗಿದೆ. ತಲಪಾಡಿಯ ಗಡಿ ದಾಟಿದೊಡನೆ ಟಿಕೆಟ್ಟಿನ ಅಂಗಡಿಗಳು ಕಾಣುತ್ತವೆ, ಕೊಳ್ಳುವವರಲ್ಲಿ ಕನ್ನಡಿಗರೂ ಇರುತ್ತಾರೆ. 2024ರ ಓಣಂ ಬಂಪರ್‌ನ 25 ಕೋಟಿ ರೂಪಾಯಿ ಕರ್ನಾಟಕದವರೊಬ್ಬರಿಗೆ ಬಂದಾಗ ಅದು ವಾಹಿನಿಗಳಿಗೆಲ್ಲ ದೊಡ್ಡ ಸುದ್ದಿಯಾಯಿತು. ಆ ಡ್ರಾದಲ್ಲಿ 500 ರೂಪಾಯಿಯ 70 ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳು ಮಾರಾಟವಾಗಿದ್ದವು. ಬಹುಮಾನ ಬಾರದ ಲಕ್ಷಾಂತರ ಮನೆಗಳು ಸುದ್ದಿಯಾಗುವುದಿಲ್ಲ.

ಅಂಗಡಿ ಮುಚ್ಚಿತು, ಆದರೆ ಅದು ಜೇಬಿಗೆ ಬಂದಿತು. 2015ರಲ್ಲಿ ಹೊಸಹಳ್ಳಿಗೆ ಮೆಟ್ರೋ ಬರುವ ಹೊತ್ತಿಗೆ ಮೊಬೈಲ್ ಫೋನು ಎಲ್ಲರ ಕೈಯಲ್ಲಿತ್ತು. ರಮ್ಮಿಯೂ ಕ್ರಿಕೆಟ್ ತಂಡ ಕಟ್ಟುವ ಆಟವೂ ಬಂದವು. ಲಾಟರಿ ಅಂಗಡಿಗೆ ಹೋಗುವವನನ್ನು ಬೀದಿಯ ನಾಲ್ಕು ಜನ ನೋಡುತ್ತಿದ್ದರು. ಮಲಗುವ ಕೋಣೆಯಲ್ಲಿ ಆಡುವವನನ್ನು ಪಕ್ಕದಲ್ಲಿರುವ ಪತ್ನಿಯೂ ಅರಿಯಳು. 2020ರಲ್ಲಿ ಇಂಥ ಒಂದು ಸಂಸ್ಥೆ ಐಪಿಎಲ್ ಪಂದ್ಯಾವಳಿಯ ಮುಖ್ಯ ಪ್ರಾಯೋಜಕನಾಯಿತು. 2023ರಲ್ಲಿ ಅದರ ಹೆಸರು ಭಾರತ ತಂಡದ ಅಂಗಿಯ ಮೇಲೆ ಬಂದಿತು. ತಾರೆಯರು ಹಾಡಿ ಹೊಗಳಿದರು. ಆರ್ಥಿಕ ಅಪಾಯದ ಎಚ್ಚರಿಕೆಯನ್ನು ಜಾಹೀರಾತಿನ ಕೊನೆಗೆ ಅವಸರದಲ್ಲಿ ಓದಿ ಮುಗಿಸುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕವು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಕೌಶಲದ ಆಟ ಜೂಜಲ್ಲ, ಅದು ವ್ಯಾಪಾರಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆ ಎಂಬುದು ಕಾರಣ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಕೇಂದ್ರದ ಕಾಯಿದೆ ಈ ವಾದವನ್ನೇ ಬದಿಗೊತ್ತಿತು. ಅದೃಷ್ಟವಿರಲಿ, ಕೌಶಲವಿರಲಿ, ಎರಡೂ ಇರಲಿ, ಹಣ ಕಟ್ಟಿ ಹಣದ ಆಸೆಯಿಂದ ಆಡುವ ಆನ್‌ಲೈನ್ ಆಟ ನಿಷಿದ್ಧ. ಅದರ ಜಾಹೀರಾತೂ ನಿಷಿದ್ಧ. ಆಡುವವನಿಗೆ ಶಿಕ್ಷೆಯಿಲ್ಲ, ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ. ಸುಮಾರು 45 ಕೋಟಿ ಜನರು ವರ್ಷಕ್ಕೆ 20,000 ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಿದ್ದರೆಂದು ಆಗ ಸರ್ಕಾರದ ಮೂಲಗಳು ಅಂದಾಜು ಮಾಡಿದ್ದವು. ಕಾಯಿದೆಯನ್ನು ಪ್ರಶ್ನಿಸಿ ಕರ್ನಾಟಕದಲ್ಲಿಯೂ ಬೇರೆಡೆಯೂ ಸಲ್ಲಿಸಿದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತನಗೆ ವರ್ಗಾಯಿಸಿಕೊಂಡಿತು. ಪಣವನ್ನು ಮಾತ್ರ ನೋಡಿ ಕೌಶಲವನ್ನು ಕೇಳದ ಆಶಾಧರರ ದೃಷ್ಟಿಗೆ ಶಾಸನವು ಹತ್ತಿರ ಬರಲು ಎಂಟು ಶತಮಾನಗಳು ಹಿಡಿದವು.

ಇಷ್ಟನ್ನು ಓದಿ ಇದು ಪರರ ಮನೆಯ ವಿಷಯವೆಂದು ವಣಿಕ ಸಮಾಜವು ಸಮಾಧಾನ ಪಡುವಂತಿಲ್ಲ. ಮಟ್ಕಾ ಎಂಬ ಆಟ, ಕರ್ನಾಟಕದಲ್ಲಿ ಓಸಿ ಎಂದು ಕರೆಯುವುದು, ಹುಟ್ಟಿದ್ದೇ ಮುಂಬಯಿಯ ಹತ್ತಿ ಪೇಟೆಯಲ್ಲಿ. ನ್ಯೂಯಾರ್ಕಿನಿಂದ ತಂತಿಯಲ್ಲಿ ಬರುತ್ತಿದ್ದ ಹತ್ತಿ ದರದ ಅಂಕಿಗಳ ಮೇಲೆ ಪಂಥ ಕಟ್ಟುವುದರಿಂದ. ವ್ಯಾಪಾರಕ್ಕೂ ಸಟ್ಟಾಕ್ಕೂ ನಡುವಣ ಗೆರೆ ಎಷ್ಟು ತೆಳುವೆಂಬುದನ್ನು ಹಿಂದಿನ ಹಿರಿಯರು ಬಲ್ಲವರಾಗಿದ್ದರು. ಇಂದು ಜೈನ ಮನೆಗಳ ಅನೇಕ ತರುಣರು ಅಂಗಡಿಯ ಗಲ್ಲಾದ ಮುಂದೆ ಕುಳಿತೇ ಬೆಳಗಿನ 9.15ರಿಂದ ಮಧ್ಯಾಹ್ನ 3.30ರವರೆಗೆ ಷೇರು ಸೂಚ್ಯಂಕದ ‘ಫ್ಯೂಚರ್ಸ್’, ‘ಆಪ್ಷನ್ಸ್’ ವಹಿವಾಟಿನಲ್ಲಿ ತೊಡಗಿರುತ್ತಾರೆ. ಸೆಬಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಆರ್ಥಿಕ ವರ್ಷಗಳಲ್ಲಿ ಈ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿತು.

ಹತ್ತಿಯನ್ನು ದಾಸ್ತಾನಿಟ್ಟವನು ಬೆಲೆಕುಸಿತದಿಂದ ಪಾರಾಗಲು ಮುಂಗಡ ಕರಾರು ಮಾಡುವುದು ವ್ಯಾಪಾರವೇ. ದಾಸ್ತಾನೂ ಇಲ್ಲದೆ, ಷೇರೂ ಇಲ್ಲದೆ, ಗುರುವಾರವೋ ಮಂಗಳವಾರವೋ ಅಂಕಿ ಎಲ್ಲಿ ನಿಲ್ಲುವುದೆಂದು ಹಣ ಕಟ್ಟುವವನ ಸ್ಥಿತಿ ಬೇರೆ. ಆದರೆ ಕಾನೂನು ಈ ಭೇದವನ್ನು ಮಾಡಲಿಲ್ಲ. 1999ರ ತಿದ್ದುಪಡಿಯಿಂದ, ಮಾನ್ಯತೆ ಪಡೆದ ವಿನಿಮಯ ಕೇಂದ್ರದಲ್ಲಿ ನಡೆದ ಇಂಥ ಕರಾರುಗಳೆಲ್ಲ ಬೇರಾವ ಕಾಯಿದೆ ಏನೇ ಹೇಳಿದರೂ ಸಿಂಧುವೆಂದಾಯಿತು. 30ನೆಯ ಕಲಮಿನ ಬೇಲಿ ಅಲ್ಲಿ ಕಳಚಿತು. 2005ರ ಹಣಕಾಸು ಕಾಯಿದೆ ಆದಾಯ ತೆರಿಗೆಯ ಲೆಕ್ಕಕ್ಕೆ ಇದನ್ನು ಸಟ್ಟಾ ಎಂಬ ವರ್ಗದಿಂದಲೂ ಹೊರತೆಗೆಯಿತು. ಹೀಗಾಗಿ ಈ ನಷ್ಟ ಇಂದು ವ್ಯಾಪಾರದ ನಷ್ಟವೆಂದೇ ಬರೆಯಲ್ಪಡುತ್ತದೆ. ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಲು ಅವಕಾಶವಿದೆ. ಆ ಅಂಕಿ ಲೆಕ್ಕಪರಿಶೋಧಕರ ಕಡತದಲ್ಲಿ ವರ್ಷದಿಂದ ವರ್ಷಕ್ಕೆ ಸಾಗುತ್ತದೆ. ತಂದೆತಾಯಿಗಳಿಗೂ ಪತ್ನಿಗೂ ಅದರ ಸುಳಿವು ಸಿಗುವುದು ಒಡವೆ ಅಡವಿಡಬೇಕಾದ ದಿನ.