ವರವು ಕಾವಲ್ ಮತ್ತು ದನಗಳ ಸೀಸನ್

ಸೀಸನ್ ಅಂದ ಕೂಡಲೇ ನಮಗೆ ನೆನಪಾಗೋದು ಮೇ ರಜೆ, ದಸರಾ ರಜೆ, ಸಿಗದೇ ಹೋದ ಟ್ರೈನ್ ಟಿಕೆಟ್ಟು. ಚಳ್ಳಕೆರೆ-ಮೊಳಕಾಲ್ಮುರು ಸೀಮೆಯಲ್ಲಿ ಮಾತ್ರ ನೂರಾರು ವರ್ಷಗಳಿಂದ ಸೀಸನ್ ನೋಡಿಕೊಂಡು ಊರು ಬಿಡುತ್ತಿದ್ದದ್ದು ದನ ಮತ್ತು ಕುರಿ. ಅವುಗಳ ಹಿಂದೆ ಕಂಬಳಿ ಹೊದ್ದ ಮನುಷ್ಯರು. ಈ ದಾರಿಯಲ್ಲಿ ಸಿಗುವ ಹುಲ್ಲುಗಾವಲುಗಳಿಗೆ ಕಾವಲ್ ಅಂತ ಹೆಸರು. ನಾಯಕನಹಟ್ಟಿ ಕಡೆಯ ವರವು ಕಾವಲ್ ಅಂಥದ್ದೊಂದು.

ಕಾವಲಿನ ಕಥೆ ಮೈಸೂರು ಅರಮನೆಯ ಬೆಣ್ಣೆಯಿಂದ ಶುರುವಾಗುತ್ತೆ. ಅರಮನೆಗೆ ಹಾಲು ಬೆಣ್ಣೆ ಒದಗಿಸೋಕೆ ಹಸುಗಳನ್ನು ಸಾಕಿ, ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅದಕ್ಕೊಂದು ಇಲಾಖೆ ಮಾಡಿದರು, ಹೆಸರು ಬೆಣ್ಣೆ ಚಾವಡಿ. ಹೈದರಾಲಿ ಕೈಗೆ ಬಂದಾಗ ಬೆಣ್ಣೆಗಿಂತ ಎತ್ತು ಮುಖ್ಯವಾಯಿತು, ತೋಪು ಎಳೆಯೋಕೆ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿತಂತೆ. ಟಿಪ್ಪು ಇದಕ್ಕೆ ಅಮೃತ ಮಹಲ್ ಅಂತ ಹೊಸ ಹೆಸರಿಟ್ಟ. 1799ರ ನಂತರ ಬ್ರಿಟಿಷರೂ ಇದನ್ನು ಬಿಡಲಿಲ್ಲ. 1860ರಲ್ಲಿ ಖರ್ಚು ಉಳಿಸೋಣ ಅಂತ ದನಗಳನ್ನೆಲ್ಲ ಮಾರಿ ಇಲಾಖೆ ಮುಚ್ಚಿದರು. ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ತೆರೆದರು!

ನನಗೆ ತುಂಬಾ ಹಿಡಿಸಿದ್ದು ಕಾವಲುಗಳನ್ನು ವಿಂಗಡಿಸಿದ ರೀತಿ. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲಿ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಅಂತ ಮೂರು ಬಗೆ ಹೇಳಿದ್ದಾರೆ. ಬೇಸಿಗೆಗೆ ನೆರಳು ನೀರು ಇರುವ ಜಾಗ, ಬಹುಮಟ್ಟಿಗೆ ಕೆರೆಯಂಗಳ. ಉಳಿದೆರಡು ಕಾಲಕ್ಕೆ ಆಗ ಹುಲ್ಲು ಬರುವ ಬಯಲು. ಅಂದರೆ ಒಂದು ಕಾವಲು ವರ್ಷದ ಕೆಲವು ತಿಂಗಳು ಬಣಬಣ ಅನ್ನಲೇಬೇಕು, ಹುಲ್ಲು ಮತ್ತೆ ಚಿಗುರಬೇಕಲ್ಲ. ಆ ಹೊತ್ತಿಗೆ ಹೋಗಿ ನೋಡಿದ ಅಧಿಕಾರಿಗೆ ಅದು ಪಾಳು ಭೂಮಿ. ಮುಂದಿನ ಅನಾಹುತಕ್ಕೆಲ್ಲ ಈ ನೋಟವೇ ಮೂಲ ಅಂತ ನನ್ನ ಅನಿಸಿಕೆ.

ಸರ್ಕಾರದ ದನಗಳ ಜೊತೆಗೆ ಈ ಸೀಮೆಯಲ್ಲಿ ದೇವರ ದನಗಳೂ ಇವೆ. ಮ್ಯಾಸಬೇಡರ (ಮ್ಯಾಸನಾಯಕರ) ಹಟ್ಟಿಗಳಲ್ಲಿ ದೇವರ ಹೆಸರಿಗೆ ಬಿಟ್ಟ ಎತ್ತಿನ ಹಿಂಡುಗಳಿರುತ್ತವೆ. ಇವಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ನೋಡಿಕೊಳ್ಳುವವನು ಕಿಲಾರಿ. ರಾತ್ರಿ ಮುಳ್ಳುಬೇಲಿಯ ರೊಪ್ಪದಲ್ಲಿ ದನ, ಅದರ ಪಕ್ಕದಲ್ಲೇ ಅವನು. ಮಳೆ ಕೈಕೊಟ್ಟ ವರ್ಷ ಹಿಂಡು ಹೊಡೆದುಕೊಂಡು ಹುಲ್ಲು ಇರುವಲ್ಲಿಗೆ ಹೋಗುತ್ತಾನೆ, ದೀಪಾವಳಿಗೆ ಹಟ್ಟಿಯಲ್ಲಿ ಎತ್ತುಗಳಿಗೆ ಪೂಜೆ. ಮನೆಯಲ್ಲಿ ತೆಲುಗು ಮಾತಾಡುವ ಹಟ್ಟಿಗಳೂ ಇಲ್ಲಿ ಬೇಕಾದಷ್ಟಿವೆ.

ಕಾಡುಗೊಲ್ಲರದು ಇನ್ನೊಂದು ಲೋಕ. ಚಳ್ಳಕೆರೆ ತಾಲೂಕಿನ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಕಳ್ಳೆಯಿಂದ ಮುಳ್ಳಿನ ಗುಡಿ ಕಟ್ಟುತ್ತಾರೆ, ಬರಿಗಾಲಲ್ಲಿ ಅದನ್ನು ಹತ್ತಿ ಕಳಶ ಇಳಿಸುತ್ತಾರೆ. ಮುಳ್ಳುಬೇಲಿಯೊಳಗೆ ದನ ಕುರಿ ಕಾದವರಿಗೆ ದೇವರ ಗುಡಿಯೂ ಮುಳ್ಳಿನದೇ! ಇನ್ನು ಕುರುಬರ ಕರಿ ಕುರಿ, ದೊಡ್ಡಉಳ್ಳಾರ್ತಿಯ ಮಗ್ಗ, ಚಳ್ಳಕೆರೆಯ ಕಂಬಳಿ ವ್ಯಾಪಾರ... ಇದರ ಬುಡವೂ ಕಾವಲಿನ ಹುಲ್ಲೇ. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಕಾಣುವುದೂ ಅಪರೂಪವಾದ ನಾಡಿದು. ಶೇಂಗಾ ಕೈಕೊಟ್ಟರೆ ಕುರಿಯೇ ಬ್ಯಾಂಕು.

2007ರ ನಂತರದ ಕೆಲವೇ ವರ್ಷಗಳಲ್ಲಿ ಈ ಕಾವಲುಗಳನ್ನು ಸಂಸ್ಥೆಗಳಿಗೆ ಹಂಚಿಬಿಟ್ಟರು. ವರವು ಕಾವಲಿನ 4,290 ಎಕರೆ ಡಿಆರ್‌ಡಿಓಗೆ. ಪಕ್ಕದ ಉಳ್ಳಾರ್ತಿ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ. ಇಸ್ರೋಗೂ ಪಾಲು ಸಿಕ್ಕಿತು. ಸುತ್ತಲಿನ ಹಳ್ಳಿಯವರಲ್ಲಿ ಹಲವರಿಗೆ ವಿಷಯ ತಿಳಿದದ್ದು ಬೇಲಿ, ಗೋಡೆ ಏಳತೊಡಗಿದಾಗ. ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋದರು. 2014ರ ಆಗಸ್ಟಿನಲ್ಲಿ ತೀರ್ಪು ಬಂತು, ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು. 2017ರ ಮೇನಲ್ಲಿ ಡಿಆರ್‌ಡಿಓದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರಾಕೆಟ್ ವಿಮಾನ ತಾನಾಗಿಯೇ ಇಳಿದದ್ದು ಇದೇ ರನ್‌ವೇ ಮೇಲೆ. ಟಿವಿಯಲ್ಲಿ ಅದನ್ನು ನೋಡಿ ನಾನೂ ಚಪ್ಪಾಳೆ ಹೊಡೆದವನೇ, ಸುಳ್ಳು ಯಾಕೆ ಹೇಳಲಿ.

ಆದರೆ ಸುದ್ದಿಯಲ್ಲಿ ಯಾರಾದರೂ "ಬರಡು ಬಯಲು" ಅಂದರೆ ಮೈ ಉರಿಯುತ್ತೆ. ಸೈನ್ಯಕ್ಕೆ ಎತ್ತು ಕೊಟ್ಟ ನೆಲ ಇದು. ದೇಶಕ್ಕೆ ಬೇಕಿತ್ತು, ತಗೊಂಡರು, ಅಂತ ಒಪ್ಪಿಕೊಳ್ಳೋಣ. ಬದಲಿಗೆ ಕಿಲಾರಿಗೆ ಕೊಟ್ಟದ್ದೇನು? ದಾರಿಯ ನಡುವಿನ ಒಂದು ತಂಗುದಾಣ ಹೋದರೆ ಹಿಂದಿನದೂ ಮುಂದಿನದೂ ಉಪಯೋಗಕ್ಕೆ ಬರಲ್ಲ. ಈ ಲೆಕ್ಕ ಎಕರೆಯಲ್ಲಿ ಸಿಗೋದಿಲ್ಲ.

ಅಂದ ಹಾಗೆ, ಹೆಸರಿನ ಕೊನೆಗೆ 'ಕಾವಲ್' ಅಂತಿರುವ ಊರು ಹಳೇ ಮೈಸೂರಿನ ಉದ್ದಕ್ಕೂ ಸಿಗುತ್ತವೆ. ನಿಮ್ಮ ಕಡೆಯೂ ಇದ್ದರೆ, ಅದು ಮಳೆಗಾಲದ್ದೋ ಬೇಸಿಗೆಯದೋ, ದನ ಯಾವ ದಾರಿಯಲ್ಲಿ ಬರುತ್ತಿದ್ದವು ಅಂತ ಊರಿನ ಹಿರಿಯರನ್ನು ಕೇಳಿ ನಿಮ್ಮ ಬ್ಲಾಗಿನಲ್ಲಿ ಬರೀರಿ. ಹೇಳುವವರು ಇನ್ನೂ ಇದ್ದಾರೆ.